ಬ್ಯಾರನ್ ಹಿಂದಿನ ಚಪ್ಪಡಿ

ನಮ್ಮ ಕಡೆಯ ಜನ ಫೋನನ್ನು ಕಿವಿಗೆ ಇಟ್ಟುಕೊಳ್ಳುವುದಿಲ್ಲ. ಅಂಗೈ ಮೇಲಿಟ್ಟು, ಬಾಯಿಯ ಮುಂದೆ ಹಿಡಿದು, ಸ್ಪೀಕರ್ ಹಾಕಿ ಮಾತಾಡುತ್ತಾರೆ. ಹುಣಸೂರು ಬಸ್ ನಿಲ್ದಾಣದಲ್ಲಿ ಹತ್ತು ನಿಮಿಷ ನಿಂತರೆ ಸಾಕು, ಯಾರ ಮಗಳನ್ನು ಯಾವ ಊರಿನ ಗಂಡು ಒಪ್ಪಲಿಲ್ಲ, ಯಾರ ಅತ್ತೆಗೆ ಗರ್ಭಕೋಶ ತೆಗೆಸಬೇಕು, ಯಾರ ತಮ್ಮ ಕುಡಿದು ಎಲ್ಲಿ ಬಿದ್ದಿದ್ದಾನೆ, ಎಲ್ಲವೂ ತಿಳಿಯುತ್ತದೆ. ನನಗೆ ಇದನ್ನು ಕಂಡರೆ ಮೈ ಉರಿಯುತ್ತದೆ. ಕೋರ್ಟಿನ ವರಾಂಡದಲ್ಲಿ ಕಕ್ಷಿದಾರರ ಕೈಯಿಂದ ಫೋನು ಕಿತ್ತುಕೊಂಡು ಸ್ಪೀಕರ್ ಆರಿಸಿದ್ದೇನೆ. "ಲಾಯರಮ್ಮಂಗೆ ತಲೆ ಕೆಟ್ಟೋಗದೆ" ಎಂದು ಅವರು ನಕ್ಕಿದ್ದಾರೆ. ನಾನು ನಕ್ಕಿಲ್ಲ.

ನಾನು ಕೆ.ಆರ್. ನಗರದವಳು. ವಕೀಲಿಕೆ ಹಿಡಿದದ್ದು ಹುಣಸೂರಿನಲ್ಲಿ. ಮೊದಲ ಹಲವು ವರ್ಷ ಎಲ್ಲರಂತೆ ಬದುವಿನ ತಗಾದೆ, ಭಾಗದ ದಾವೆ, ಜೀವನಾಂಶ ಎಂದು ಓಡಾಡಿದೆ. ಆಮೇಲೆ ಜಗಳಗಳ ಜಾತಿಯೇ ಬದಲಾಯಿತು. ಗಾವಡಗೆರೆಯಲ್ಲಿ ಒಬ್ಬ ತನ್ನ ಮನೆಯ ಕ್ಯಾಮರಾವನ್ನು ಪಕ್ಕದ ಮನೆಯ ಬಚ್ಚಲಿಗೆ ತಿರುಗಿಸಿ, ಕಳ್ಳರ ಕಾಟ ಎಂದ. ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಕಾಕನಕೋಟೆಯ ಕಾಡಂಚಿನ ಗಿರಿಜನರ ಒಂದು ಹಾಡಿಯ ಮೇಲೆ ಯಾರೋ ಪ್ರವಾಸಿಗಳು ಡ್ರೋನ್ ಹಾರಿಸಿ, ಬಿಸಿಲು ಕಾಯಿಸಿಕೊಳ್ಳುತ್ತಿದ್ದ ಬಾಣಂತಿಯ ಚಿತ್ರ ಹಿಡಿದು ಲೋಕಕ್ಕೆಲ್ಲ ಹಂಚಿದರು. ಇಂಥವಕ್ಕೆ ಯಾವ ಕಾನೂನು ಎಂದು ಕೇಳಿದರೆ ನಮ್ಮ ವಕೀಲರ ಸಂಘದಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನಾನು ಹಟ ಹಿಡಿದು ಓದಿದೆ. ಮಧ್ಯಸ್ಥಿಕೆಯ ತರಬೇತಿ ಮುಗಿಸಿದೆ. ಕಚೇರಿಯ ಮುಂದೆ ಹೊಸ ಬೋರ್ಡು ಹಾಕಿಸಿದೆ: ಖಾಸಗಿತನದ ಹಕ್ಕು ಮತ್ತು ತಂತ್ರಜ್ಞಾನ ವ್ಯಾಜ್ಯಗಳ ಮಧ್ಯಸ್ಥಿಕೆ.

ಅದನ್ನು ಓದಿದ ಒಬ್ಬ ಹಿರಿಯ ವಕೀಲರು ಕ್ಯಾಂಟೀನಿನಲ್ಲಿ ಎಲ್ಲರಿಗೂ ಕೇಳುವಂತೆ, "ಹುಣಸೂರಲ್ಲಿ ಖಾಸಗಿ ಅಂತ ಇರೋದು ಪಿರಿಯಾಪಟ್ಟಣದ ಬಸ್ಸೊಂದೇ ಕಣಮ್ಮ" ಎಂದರು. ಟೀ ಕುಡಿಯುತ್ತಿದ್ದವರೆಲ್ಲ ಹಲ್ಲು ಕಿರಿದರು. ಆ ಹಲ್ಲುಗಳನ್ನು ನಾನು ಒಂದೊಂದಾಗಿ ನೆನಪಿಟ್ಟುಕೊಂಡಿದ್ದೇನೆ. ನನಗೆ ಮರೆವು ಕಡಿಮೆ, ಕ್ಷಮೆ ಇನ್ನೂ ಕಡಿಮೆ.

ಹೀಗಿರುವಾಗ ಒಂದು ಮಧ್ಯಾಹ್ನ ಅವಳು ಬಂದಳು. ಮೂವತ್ತೈದರ ಆಸುಪಾಸಿನ ಹೆಂಗಸು, ವೀರನಹೊಸಹಳ್ಳಿ ಕಡೆಯವಳು. ಕೈಯ ಗೆರೆಗಳಲ್ಲೆಲ್ಲ ಕಪ್ಪು ಕೂತಿತ್ತು. ಆ ಕಪ್ಪು ನಮ್ಮ ತಾಲ್ಲೂಕಿನವರಿಗೆ ಹೇಳಿಕೊಡಬೇಕಾದ್ದಲ್ಲ. ಹೊಗೆಸೊಪ್ಪಿನ ಹಸಿ ಎಲೆಯನ್ನು ಕಡ್ಡಿಗೆ ಕಟ್ಟಿ, ಬೇಯಿಸುವುದಕ್ಕೆ ಬ್ಯಾರನ್ನಿಗೆ, ಅಂದರೆ ಸೊಪ್ಪು ಹದಮಾಡುವ ಒಲೆಮನೆಗೆ, ಏರಿಸುವ ಕಾಲದಲ್ಲಿ, ಕಟ್ಟುವ ಹೆಂಗಸರ ಕೈಯೆಲ್ಲ ಅಂಟು ಹಿಡಿದು ಹೀಗೇ ಆಗುತ್ತದೆ. ಸೀರೆಯ ಮೇಲೆ ಗಂಡನದೋ ಅಣ್ಣನದೋ ಹಳೇ ತುಂಬುತೋಳಿನ ಶರ್ಟು ಹಾಕಿಕೊಂಡಿರುತ್ತಾರೆ. ಸಂಜೆಗೆ ಆ ಶರ್ಟು ಅಂಟು ಕುಡಿದು ರಟ್ಟಿನಂತೆ ನಿಂತುಬಿಡುತ್ತದೆ. ಆ ವಾಸನೆಯಲ್ಲಿ ಮನೆಗೆ ಹೋದರೆ ಮಕ್ಕಳು ಹತ್ತಿರ ಸುಳಿಯುವುದಿಲ್ಲ. ಅದಕ್ಕೇ ಪ್ರತಿ ಬ್ಯಾರನ್ನಿನ ಹಿಂದೆ ಒಂದು ಕಲ್ಲುಚಪ್ಪಡಿ, ಒಂದು ನೀರಿನ ಡ್ರಮ್ಮು ಇರುತ್ತದೆ. ಕೆಲಸ ಬಿಟ್ಟ ಮೇಲೆ ಹೆಂಗಸರು ಅಲ್ಲಿ ಮೈಕೈ ತೊಳೆದು ಬಟ್ಟೆ ಬದಲಾಯಿಸಿಕೊಂಡು ಆಟೋ ಹತ್ತುತ್ತಾರೆ. ಗಂಡಸರು ಆ ಹೊತ್ತಿಗೆ ಆ ಕಡೆ ಹೋಗುವುದಿಲ್ಲ. ಯಾರೂ ಬರೆದಿಟ್ಟ ಕಾನೂನಲ್ಲ ಅದು, ಆದರೂ ನಡೆಯುತ್ತದೆ.

ಅವಳು ಕುರ್ಚಿಯ ತುದಿಯಲ್ಲಿ ಕೂತು ಹೇಳಿದಳು. ಅವಳ ಫೋನು ಚಾರ್ಜ್ ಆಗುತ್ತಿರಲಿಲ್ಲ. ರಿಪೇರಿಗೆಂದು ಪೇಟೆಯ ಒಂದು ಅಂಗಡಿಗೆ ಹೋಗಿದ್ದಳು. ಫೋನು ರಿಪೇರಿಯ ಜೊತೆಗೆ ಮನೆ, ಗೋಡೌನು, ಬ್ಯಾರನ್ನುಗಳಿಗೆ ಕ್ಯಾಮರಾ ಹಾಕಿಕೊಡುವ ಅಂಗಡಿ. ಗೋಡೆಯ ಮೇಲೆ ದೊಡ್ಡ ಟೀವಿ. ಅದರ ತುಂಬ ಚೌಕಚೌಕವಾಗಿ ಬೇರೆಬೇರೆ ಕ್ಯಾಮರಾಗಳ ಚಿತ್ರ ಓಡುತ್ತಿತ್ತು.

"ಅದ್ರಲ್ಲಿ ನಮ್ ಬ್ಯಾರನ್ ಕಾಣ್ತಿತ್ತು ಅಕ್ಕ. ಚಪ್ಪಡಿ ಕಲ್ಲೂ ಕಾಣ್ತಿತ್ತು. ನಾನು ಅವತ್ತು ಬೇಗ ಬಂದ್ಬುಟ್ಟಿದ್ದೆ. ನಮ್ ಮೇಸ್ತ್ರಿ ಶರ್ಟ್ ಬಿಚ್ಚಿ, ಕುಬ್ಸ ಬಿಚ್ಚಿ, ಬೆನ್ನಿಗೆ ನೀರು ಉಯ್ಕತಾ ಇದ್ಲು. ಬೆಂಚಿನ ಮ್ಯಾಲೆ ಮೂರ್ ಜನ ಗಂಡಸ್ರು ಟೀ ಕುಡೀತಾ ನೋಡ್ತಾವ್ರೆ."

ಮೇಸ್ತ್ರಿ ಎಂದರೆ ಆ ಎಂಟು ಹೆಂಗಸರ ಗುಂಪನ್ನು ಕರೆದೊಯ್ಯುವ ಹಿರಿಯಳು, ಐವತ್ತೈದು ದಾಟಿದವಳು. ನಾಳೆ ಯಾವ ಬ್ಯಾರನ್ನಿಗೆ ಹೋಗಬೇಕು, ಯಾರು ಬರಬೇಕು ಎಂದು ಹೇಳುವವಳು ಅವಳೇ. ಇವಳಿಗೆ ಸೋದರತ್ತೆಯೂ ಹೌದು. ಅಂಗಡಿಯವನು ಹೊಸ ಗಿರಾಕಿಯೊಬ್ಬನಿಗೆ, "ನಮ್ ಕ್ಯಾಮರಾಕ್ಕೆ ಒಂದ್ ಎಲೆ ಅಡ್ಡ ಬಂದ್ರೂ ನಿಮಗಿಂತ ಮುಂಚೆ ನಂಗ್ ಗೊತ್ತಾಗುತ್ತೆ ಅಣ್ಣ, ನಾನೇ ಫೋನ್ ಮಾಡ್ತೀನಿ" ಎಂದು ಕೊಚ್ಚಿಕೊಳ್ಳುತ್ತಿದ್ದನಂತೆ. ಇವಳು ಫೋನನ್ನು ಅಲ್ಲೇ ಬಿಟ್ಟು ಎದ್ದು ಬಂದಿದ್ದಳು.

ಇದು ಮಧ್ಯಸ್ಥಿಕೆಯ ವಿಷಯವೇ ಅಲ್ಲ, ಪೊಲೀಸ್ ಠಾಣೆಯ ವಿಷಯ. ಮೊದಲ ವರ್ಷದ ಕಾನೂನು ವಿದ್ಯಾರ್ಥಿಗೂ ಅದು ಗೊತ್ತು. ನಾನೂ ಹೇಳಿದೆ. ಠಾಣೆ ಬೇಡ ಎಂದಳು, ಅಲ್ಲಿ ಏನು ಕಂಡೆ, ಎಷ್ಟು ಕಂಡೆ ಎಂದು ಹತ್ತು ಸಲ ಕೇಳುತ್ತಾರೆ ಎಂದಳು. ನಾನು ಇನ್ನೊಂದು ಮಾತು ಒತ್ತಿ ಹೇಳಬಹುದಿತ್ತು. ಹೇಳಲಿಲ್ಲ. ಬೋರ್ಡು ಹಾಕಿಸಿ ವರ್ಷಗಳಾಗಿದ್ದವು, ಕ್ಯಾಂಟೀನಿನ ಹಲ್ಲುಗಳು ಕಣ್ಣ ಮುಂದಿದ್ದವು. ಇಂಥದೊಂದನ್ನು ನಾಜೂಕಾಗಿ ಬಗೆಹರಿಸಿ ತೋರಿಸಬೇಕೆಂಬ ಚಪಲ ನನಗಿತ್ತು.

"ನಿನಗೆ ಏನಾಗಬೇಕು ಹೇಳು" ಎಂದೆ.

"ಅವ್ನು ಬ್ಯಾರನ್ ತಾವ್ಕೆ ಬಂದು, ನಮ್ಮೆಲ್ರ ಮುಂದೆ ನಿಂತ್ಕಂಡು, ಇಂಗಿಂಗ್ ಮಾಡ್ದೆ ಅಂತ ಯೋಳ್ಬೇಕು. ಅಷ್ಟೇಯ."

ಅಂಗಡಿಯವನನ್ನೂ ಬ್ಯಾರನ್ನಿನ ಯಜಮಾನನನ್ನೂ ಕರೆಸಿದೆ. ಯಜಮಾನ ಬಿಳಿ ಪಂಚೆಯ ದೊಡ್ಡ ಒಕ್ಕಲು. ಒಲೆಯ ಕೊಳವೆಗೆ ಸೊಪ್ಪು ಉದುರಿ ಬ್ಯಾರನ್ ಹೊತ್ತಿಕೊಳ್ಳುವ ಭಯಕ್ಕೆ ಕ್ಯಾಮರಾ ಹಾಕಿಸಿದ್ದ. ಹಾಕಿಸುವಾಗ ತನ್ನ ಫೋನನ್ನು ಅಂಗಡಿಯವನ ಕೈಗೆ ಕೊಟ್ಟು "ನೀನೇ ಎಲ್ಲಾ ಮಾಡ್ಕೊಡಪ್ಪ" ಎಂದಿದ್ದ. ಅವನು ಎಲ್ಲಾ ಮಾಡಿದ್ದ. ಕ್ಯಾಮರಾವನ್ನು ತನ್ನ ನಂಬರಿಗೇ ಸೇರಿಸಿಕೊಂಡು, ಯಜಮಾನನ ಫೋನಿನಲ್ಲೂ ಕಾಣುವ ಹಾಗೆ ಮಾಡಿಕೊಟ್ಟಿದ್ದ. ಹುಣಸೂರು, ಪಿರಿಯಾಪಟ್ಟಣದ ಎಷ್ಟೋ ಬ್ಯಾರನ್ನುಗಳದ್ದು ಇದೇ ಕಥೆ. ಪಾಸ್‌ವರ್ಡ್ ಎಲ್ಲಕ್ಕೂ ಒಂದೇ, ಅಂಗಡಿಯ ಫೋನ್ ನಂಬರು. ಎಮ್ಮೆ ಕರೆಯುವುದಕ್ಕೂ ಬೇರೆಯವರನ್ನು ನಂಬದ ಜನ, ಇದೊಂದರಲ್ಲಿ ಮನೆಯ ಬೀಗದ ಕೈಯನ್ನೇ ಪೇಟೆಯವನ ಕೈಗೆ ಕೊಟ್ಟು ಬಂದಿದ್ದರು.

"ನಮ್ ಬ್ಯಾರನ್ನು ಉಣಸೂರ್ ಟೀವೀಲಿ ಬತ್ತದೆ ಅಂತ ನಾನೇ ಎಲ್ರಿಗೂ ಯೋಳ್ಕಂಡ್ ತಿರುಗ್ದೆ ಕಣಮ್ಮ" ಎಂದ ಯಜಮಾನ, ತಲೆ ತಗ್ಗಿಸಿ. ಅವನ ಮೇಲೆ ನನಗೆ ಅಷ್ಟು ಸಿಟ್ಟು ಬರಲಿಲ್ಲ.

ಅಂಗಡಿಯವನ ಮೇಲೆ ಬಂತು. ಇಸ್ತ್ರಿ ಮಾಡಿದ ಶರ್ಟು, ಜೇಬಿನಲ್ಲಿ ಎರಡು ಪೆನ್ನು, ಮಾತೆತ್ತಿದರೆ ನಗು. "ಡೆಮೊ ಮೇಡಂ. ಹೊಸ ಕಸ್ಟಮರ್ ಬಂದ್ರೆ ಕ್ಲಾರಿಟಿ ತೋರಿಸ್ಬೇಕಲ್ವಾ. ಯಾರು ಏನು ತೊಳ್ಕೊತಾರೆ ಅಂತ ನಾನ್ ಯಾಕೆ ನೋಡ್ಲಿ?" ಎಂದ. ಆ ಮುಖಕ್ಕೆ ಫೈಲು ಎಸೆಯಬೇಕು ಅನಿಸಿತು. ಆದರೆ ಮಧ್ಯದಲ್ಲಿ ಕೂತವಳು ಫೈಲು ಎಸೆಯುವ ಹಾಗಿಲ್ಲ. ಎರಡೂ ಕಡೆಗೆ ಒಂದೇ ಮುಖ ತೋರಿಸುವುದನ್ನು ತರಬೇತಿಯಲ್ಲಿ ನನಗೆ ಕಲಿಸಿದ್ದರು. ಅಂದು ಆ ವಿದ್ಯೆಯನ್ನು ಚೆನ್ನಾಗಿಯೇ ಪ್ರದರ್ಶಿಸಿದೆ.

ಟೀವಿ ತೆಗೆಯುವುದಕ್ಕೆ ಅವನು ಒಪ್ಪಿದ. ಕ್ಯಾಮರಾವನ್ನು ಚಪ್ಪಡಿಯ ಕಡೆಯಿಂದ ತಿರುಗಿಸುವುದಕ್ಕೆ, ಎಲ್ಲ ಗಿರಾಕಿಗಳ ಕ್ಯಾಮರಾಗಳನ್ನೂ ತನ್ನ ಫೋನಿನಿಂದ ಅಳಿಸುವುದಕ್ಕೆ ಒಪ್ಪಿದ. ನನ್ನ ಮುಂದೆಯೇ ಅಳಿಸಿ, ಖಾಲಿ ಪಟ್ಟಿ ತೋರಿಸಿದ. ಬೆರಳಿಟ್ಟು ಮೇಲೆ ಕೆಳಗೆ ಸರಿಸಿ ನೋಡಿದೆ, ಏನೂ ಇರಲಿಲ್ಲ. ಅಂಗಡಿಯಲ್ಲಿ ಇನ್ನೊಂದು ಫೋನು ಇದೆಯೇ ಎಂದು ಕೇಳಲಿಲ್ಲ. ಇಷ್ಟೆಲ್ಲ ಓದಿದ ನನಗೆ ಅದೊಂದು ಪ್ರಶ್ನೆ ಹೊಳೆಯಲಿಲ್ಲ.

ಒಪ್ಪದೇ ಇದ್ದದ್ದು ಒಂದಕ್ಕೆ ಮಾತ್ರ, ಬ್ಯಾರನ್ ಹತ್ತಿರ ಹೋಗಿ ಎಲ್ಲರ ಮುಂದೆ ಹೇಳುವುದಕ್ಕೆ. ಅಲ್ಲಿ ನಾನು ಅವನ ಪಕ್ಷ ಹಿಡಿದೆ. ಅವನಿಗೋಸ್ಕರ ಅಲ್ಲ, ತತ್ವಕ್ಕೋಸ್ಕರ. ಅವಳನ್ನು ಪಕ್ಕದ ಕೋಣೆಗೆ ಕರೆದು ಬುದ್ಧಿ ಹೇಳಿದೆ.

"ನೋಡು, ಇದು ನಿಮ್ಮ ಮೇಸ್ತ್ರಿಯ ಮಾನದ ಪ್ರಶ್ನೆ. ಎಲ್ಲರ ಮುಂದೆ ಹೇಳಿದರೆ ಆಕೆಯನ್ನು ಇನ್ನೊಂದು ಸಲ ಬೆತ್ತಲೆ ನಿಲ್ಲಿಸಿದಂತೆ. ವಿಷಯ ಈ ಕೋಣೆಯಲ್ಲೇ ಉಳಿಯಲಿ. ಖಾಸಗಿತನ ಅಂದರೆ ಅದೇ."

"ಬೆತ್ಲೆ ಮಾಡ್ದೋನು ಅವ್ನು. ಯೋಳಕ್ಕೆ ನಾವ್ಯಾಕೆ ನಾಚ್ಕಬೇಕು ಅಕ್ಕ?"

"ಕಾನೂನು ಗೊತ್ತಿರೋಳು ನಾನು. ನನ್ನ ಮಾತು ಕೇಳು."

ಕೇಳಿದಳು. ಒಪ್ಪಂದಪತ್ರದ ಏಳನೇ ಕಲಮನ್ನು ನಾನೇ ಕೂತು ಬರೆದೆ. ಇಲ್ಲಿ ನಡೆದ ಮಾತುಕತೆಯನ್ನಾಗಲಿ ಅದಕ್ಕೆ ಕಾರಣವಾದ ಸಂಗತಿಯನ್ನಾಗಲಿ ಉಭಯತ್ರರಾಗಲಿ ಮಧ್ಯಸ್ಥರಾಗಲಿ ಯಾರಿಗೂ ತಿಳಿಸತಕ್ಕದ್ದಲ್ಲ. ಬರೆದ ಮೇಲೆ ಎರಡು ಸಲ ಓದಿ ಖುಷಿಪಟ್ಟೆ. ಮೂವರ ಸಹಿಯೂ ಆಯಿತು. ಅಂಗಡಿಯವನು ಹೋಗುವಾಗ ಅವಳು ಬಿಟ್ಟುಬಂದಿದ್ದ ಫೋನನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ. "ರಿಪೇರಿ ಆಗಿದೆ ತಗೊಳ್ಳಿ, ದುಡ್ಡೇನೂ ಬೇಡ" ಎಂದ. ದೊಡ್ಡ ಮನಸ್ಸು ಎಂದುಕೊಂಡೆ. ನಾಚಿಕೆಯಾಗಬೇಕು ನನಗೆ.

ಮೂರು ವಾರದ ನಂತರ ಅವಳು ಮತ್ತೆ ಬಂದಳು. ಈ ಸಲ ಕುರ್ಚಿಯಲ್ಲಿ ಕೂರಲಿಲ್ಲ. ಕೈಯ ಕಪ್ಪು ಹೋಗಿ ಬೆರಳುಗಳು ಬೆಳ್ಳಗಾಗಿದ್ದವು. ಸೊಪ್ಪಿನ ಕಾಲದಲ್ಲಿ ಆ ಕೈ ಬೆಳ್ಳಗಿದ್ದರೆ ಅದರರ್ಥ ಒಂದೇ, ಕೆಲಸಕ್ಕೆ ಕರೆಯುತ್ತಿಲ್ಲ.

ನಡೆದದ್ದು ಇಷ್ಟು. ಅಂಗಡಿಯ ಟೀವಿ ಇಳಿದದ್ದು, ಕ್ಯಾಮರಾ ತಿರುಗಿದ್ದು ಜನರ ಕಣ್ಣಿಗೆ ಬಿತ್ತು. ಬೆಂಚಿನ ಮೇಲೆ ಕೂತಿದ್ದ ಗಂಡಸರಲ್ಲಿ ಒಬ್ಬ ಎಲ್ಲೋ ಬಾಯಿಬಿಟ್ಟ. ಬ್ಯಾರನ್ ಹೆಂಗಸರ ಚಿತ್ರವಂತೆ, ಪೇಟೆಯಲ್ಲಿ ನೋಡುತ್ತಿದ್ದರಂತೆ ಎಂದು ಸುದ್ದಿ ಹಬ್ಬಿತು. ಇವಳು ಲಾಯರ ಕಚೇರಿಗೆ ಹೋದದ್ದು, ಅಂಗಡಿಯವನೂ ಅಲ್ಲಿಂದಲೇ ಹೊರಬಂದದ್ದು, ಇವಳ ಕೈಯಲ್ಲಿ ರಿಪೇರಿಯಾದ ಫೋನು ಇದ್ದದ್ದು, ಎಲ್ಲ ಸೇರಿಸಿ ಲೆಕ್ಕ ಹಾಕಿದರು. ಮೇಸ್ತ್ರಿ ಕೇಳಿದಳಂತೆ, ಅಲ್ಲಿ ಏನಾಯ್ತು ಹೇಳು ಎಂದು. ಇವಳು ಏಳನೇ ಕಲಮನ್ನು ನೆನೆದು ಬಾಯಿ ಮುಚ್ಚಿಕೊಂಡಿದ್ದಳು.

"ಫೋನ್ ಈಸ್ಕಂಡು ನಮ್ ಮಾನ ಮಾರ್ಕಂಡ್ಳು ಅಂತಾವ್ರೆ ಅಕ್ಕ. ಅತ್ತೆ ನನ್ ಮೊಕ ನೋಡಾಕಿಲ್ಲ. ಆಟೋ ನಮ್ ಮನೆ ಮುಂದ್ಲಿಂದ್ಲೇ ಓಯ್ತದೆ, ನಿಲ್ಲಾಕಿಲ್ಲ. ನೀವೊಂದ್ಸಲ ಬಂದು ಇಲ್ಲ ಅಂತ ಯೋಳಿ. ನಾನು ಏನೂ ಈಸ್ಕಂಡಿಲ್ಲ ಅಂತ."

ಹೇಳುವ ಹಾಗಿರಲಿಲ್ಲ. ಮಧ್ಯಸ್ಥಳ ಬಾಯಿಗೆ ಕಾನೂನಿನ ಬೀಗ ಮೊದಲೇ ಇತ್ತು, ಅದರ ಮೇಲೆ ನನ್ನದೇ ಕೈಬರಹದ ಇನ್ನೊಂದು ಬೀಗ. ಅವಳಿಗೆ ಅದನ್ನು ವಿವರಿಸಿದೆ. ವಿವರಿಸುತ್ತಿದ್ದಂತೆ ನನ್ನ ದನಿ ನನಗೇ ಹೇಸಿಗೆಯಾಯಿತು.

ಅಂಗಡಿಯವನು ಒಪ್ಪಿದರೆ ಬಾಯಿ ಬಿಡಬಹುದಿತ್ತು. ಹಾಗಾಗಿ ಅವನ ಅಂಗಡಿಯ ಮೆಟ್ಟಿಲು ಹತ್ತಿದೆ. ಟೀವಿ ಇದ್ದ ಗೋಡೆಯ ಮೇಲೆ ಈಗ ದೇವರ ಫೋಟೋ ಇತ್ತು. ಆ ಹೆಂಗಸು ಏನೂ ತೆಗೆದುಕೊಂಡಿಲ್ಲ ಎಂಬ ಒಂದು ಮಾತು ಹೇಳಲು ಒಪ್ಪಿಗೆ ಕೊಡಿ ಎಂದು ಕೇಳಿದೆ.

ಅವನು ಕುರ್ಚಿ ಒರೆಸಿಕೊಟ್ಟ, ನೀರು ತರಿಸಿದ, ಆಮೇಲೆ ನಿಧಾನವಾಗಿ ಹೇಳಿದ. "ಏಳನೇ ಪಾಯಿಂಟ್ ನೀವೇ ಬರೆದಿದ್ದಲ್ವಾ ಮೇಡಂ. ನಂಗೂ ಮರ್ಯಾದೆ ಇದೆ, ಹೆಂಡ್ತಿ ಮಕ್ಕಳಿದ್ದಾರೆ. ನಂದೂ ಪ್ರೈವೆಸಿ ಅಲ್ವಾ?"

ನನ್ನ ಬದುಕಿನಲ್ಲಿ ನನಗೆ ಯಾರೂ ಅಷ್ಟು ಮೆತ್ತಗೆ ಕಪಾಳಕ್ಕೆ ಹೊಡೆದಿಲ್ಲ. ನೀರು ಮುಟ್ಟದೆ ಎದ್ದು ಬಂದೆ. ಮನೆಗೆ ಬರುವವರೆಗೂ ಅವನನ್ನು ಬೈದೆ. ಬಂದ ಮೇಲೆ ನನ್ನನ್ನು ಬೈದುಕೊಂಡೆ.

ಮರುವಾರ ಅವಳೇ ಫೋನು ಮಾಡಿದಳು. ಗುಂಪು ಈಗ ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಬ್ಯಾರನ್ನಿನಲ್ಲಿದೆ, ಅಲ್ಲಿಗೂ ಕ್ಯಾಮರಾ ಹಾಕಿದವನು ಅವನೇ, ನಾಳೆ ನಾಲ್ಕು ಗಂಟೆಗೆ ಬನ್ನಿ ಎಂದಳು.

"ನಾನು ಏನೂ ಹೇಳೋ ಹಾಗಿಲ್ಲ ಕಣಮ್ಮ."

"ನೀವೇನೂ ಯೋಳ್ಬ್ಯಾಡಿ. ಬಂದ್ ಕುಂತ್ಕಳಿ ಸಾಕು."

ಹೋದೆ. ಬ್ಯಾರನ್ನಿನ ಮುಂದಿನ ಚಪ್ಪರದ ಕೆಳಗೆ ಏಳು ಹೆಂಗಸರು ಸೊಪ್ಪಿನ ರಾಶಿಯ ಸುತ್ತ ಕೂತು ಕಡ್ಡಿಗೆ ಕಟ್ಟುತ್ತಿದ್ದರು. ನಡುವೆ ಮೇಸ್ತ್ರಿ, ನೀಲಿ ಗೆರೆಯ ಶರ್ಟು. ಈ ಬ್ಯಾರನ್ನಿನ ಯಜಮಾನ ಬೇರೆಯವನು. ಮಂಚದ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ, ಫೋನು ಪಕ್ಕದಲ್ಲಿತ್ತು. ಇವಳು ದೂರದಲ್ಲಿ ಒಬ್ಬಳೇ ನಿಂತಿದ್ದಳು. ಯಾರೂ ಮಾತಾಡಿಸಲಿಲ್ಲ. ನನ್ನನ್ನೂ ಯಾರೂ ಕೂರು ಎನ್ನಲಿಲ್ಲ. ನಾನೇ ಒಂದು ಕಲ್ಲು ನೋಡಿ ಕೂತೆ.

ಅವಳು ನೇರ ಮೇಸ್ತ್ರಿಯ ಹತ್ತಿರ ಹೋದಳು. "ಅತ್ತೆ, ನಿನ್ ಶರ್ಟು ಒಂದ್ ಗಳಿಗೆ ಕೊಡು."

"ನಿಂಗ್ಯಾಕ್ ಕೊಡ್ಲಿ? ಅವ್ನು ಕೊಡ್ನಿಲ್ವಾ ಒಸ ಬಟ್ಟೆಯ?" ಎಂದಳು ಮೇಸ್ತ್ರಿ, ಎಲೆಯಿಂದ ಕಣ್ಣು ತೆಗೆಯದೆ. ಉಳಿದವರು ಕಿಸಕ್ಕೆಂದರು.

"ಕೊಡು ಅತ್ತೆ. ಆಮ್ಯಾಕೆ ಬೇಕಾರೆ ನನ್ ಮೊಕಕ್ಕೆ ಉಗಿ."

ಏನನ್ನಿಸಿತೋ, ಮೇಸ್ತ್ರಿ ಶರ್ಟು ಬಿಚ್ಚಿ ಎಸೆದಳು. ಇವಳು ಅದನ್ನು ಸೊಪ್ಪಿನ ಕಡ್ಡಿಯ ತುದಿಗೆ ಸಿಕ್ಕಿಸಿಕೊಂಡು, ಬ್ಯಾರನ್ನಿನ ಮೂಲೆಗೆ ಹೋಗಿ, ಸೂರಿನ ಕೆಳಗಿದ್ದ ಕ್ಯಾಮರಾದ ಮೇಲೆ ತೂಗುಹಾಕಿದಳು. ಅಂಟಿನ ಶರ್ಟು, ಹಾಗೇ ಕಚ್ಚಿಕೊಂಡಿತು. ಯಜಮಾನ "ಏಯ್, ಏನಮ್ಮಿ ಅದು" ಎಂದು ಎದ್ದ.

"ಒಂದ್ ಗಳಿಗೆ ಇರಿ ಅಣ್ಣ. ತೆಗೀತೀನಿ" ಎಂದು ಅವಳು ಮಂಚದ ಮುಂದೆ ಬಂದು ನಿಂತಳು. ಫೋನನ್ನೇ ನೋಡುತ್ತಿದ್ದಳು. ಆಗ ನನಗೆ ಅರ್ಥವಾಯಿತು. ಒಂದು ಎಲೆ ಅಡ್ಡ ಬಂದರೂ ತನಗೇ ಮೊದಲು ಗೊತ್ತಾಗುತ್ತದೆ ಎಂದು ಅಂಗಡಿಯವನು ಕೊಚ್ಚಿಕೊಂಡದ್ದು ನೆನಪಿಗೆ ಬಂತು.

ಹೆಂಗಸರು ಎರಡು ಕಡ್ಡಿ ಕಟ್ಟಿ ಮುಗಿಸಿರಬಹುದು. ಫೋನು ಬಡಿದುಕೊಂಡಿತು. ಯಜಮಾನ ಅದನ್ನು ಅಂಗೈ ಮೇಲಿಟ್ಟುಕೊಂಡು, ಬಾಯಿಯ ಮುಂದೆ ಹಿಡಿದು, ಸ್ಪೀಕರ್ ಹಾಕಿದ.

"ಅಣ್ಣಾ, ನಮಸ್ಕಾರ. ನಿಮ್ ಬ್ಯಾರನ್ ಕ್ಯಾಮರಾ ಮೇಲೆ ಯಾರೋ ಹೆಂಗಸು ಶರ್ಟ್ ನೇತಾಕಿದ್ದಾಳೆ ನೋಡಿ. ನೀಲಿ ಗೆರೆದು. ಆ ಮೇಸ್ತ್ರಿ ಮುದುಕಿದಿರ್ಬೇಕು, ತೆಗ್ಸಿ."

ಆ ದನಿಯನ್ನು ಏಳೂ ಜನ ಕೇಳಿದರು. ಕಟ್ಟುತ್ತಿದ್ದ ಕೈಗಳು ನಿಂತವು. ಎಲ್ಲರ ಕ್ಯಾಮರಾವನ್ನೂ ಅಳಿಸಿದ್ದೇನೆ ಎಂದು ನನ್ನ ಮೇಜಿನ ಮೇಲೆ ಬರೆದುಕೊಟ್ಟಿದ್ದವನ ದನಿ ಅದು. ಮೇಸ್ತ್ರಿ ಸೊಂಟದ ಮೇಲೆ ಕೈಯೂರಿ ಎದ್ದಳು. ನಡೆದು ಬಂದು ಯಜಮಾನನ ಕೈಯಿಂದ ಫೋನು ತೆಗೆದುಕೊಂಡಳು.

"ಆ ಮುದುಕಿ ನಾನೇ ಕಣಪ್ಪ. ನನ್ ಶರ್ಟ್ ಗುರ್ತು ನಿಂಗ್ಯಂಗ್ ಸಿಕ್ತು?"

ಕರೆ ಕಡಿದುಹೋಯಿತು.

ಮೇಸ್ತ್ರಿ ಫೋನನ್ನು ಮಂಚದ ಮೇಲಿಟ್ಟು ಇವಳ ಕಡೆ ತಿರುಗಿದಳು. ಕೋಪವಿತ್ತೋ ಅಳುವಿತ್ತೋ, ಮುಖ ಗಟ್ಟಿಯಾಗಿತ್ತು. "ನಿಂಗ್ ಗೊತ್ತಿತ್ತಾ?"

"ಊ ಅತ್ತೆ."

"ಮತ್ಯಾಕ್ ಯೋಳ್ನಿಲ್ಲ ನಂಗೆ? ನಾನು ಕೇಳ್ನಿಲ್ವಾ? ಬಾಯಿ ಬಿಟ್ಟು ಕೇಳ್ನಿಲ್ವಾ?"

ಅವಳು ನನ್ನ ಕಡೆ ನೋಡಿದಳು. ಮೇಸ್ತ್ರಿಯೂ ನೋಡಿದಳು. "ಇವ್ರ್ಯಾರು?"

"ಲಾಯರಮ್ಮ. ಅವ್ರು ಮಾತಾಡಂಗಿಲ್ಲ ಅತ್ತೆ. ಬುಡು."

ಅವಳು ನನ್ನನ್ನು ಕಾಪಾಡುತ್ತಿದ್ದಳು. ಅದನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ. ಎದ್ದು ನಿಂತೆ. ಅವನು ಮಾತಿಗೆ ತಪ್ಪಿದ ಮೇಲೆ ಕಲಮು ನನ್ನನ್ನು ಕಟ್ಟುತ್ತದೆಯೇ ಇಲ್ಲವೇ ಎಂದು ಆ ಕ್ಷಣದಲ್ಲಿ ಯೋಚಿಸಲಿಲ್ಲ.

"ಅವಳು ಏನನ್ನೂ ಈಸಿಕೊಂಡಿಲ್ಲ. ಅವನು ಬ್ಯಾರನ್ ಹತ್ತಿರ ಬಂದು ನಿಮ್ಮೆಲ್ಲರ ಮುಂದೆ ತಪ್ಪು ಒಪ್ಪಬೇಕು, ಅಷ್ಟೇ ಸಾಕು ಅಂದಳು. ಬೇಡ ಅಂದದ್ದು ನಾನು. ಅವಳ ಬಾಯಿ ಮುಚ್ಚಿಸಿದ್ದು ಅವನಲ್ಲ, ನಾನು" ಎಂದೆ.

ಮೇಸ್ತ್ರಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ನನ್ನ ಕಪ್ಪು ಬ್ಯಾಗು, ಇಸ್ತ್ರಿ ಸೀರೆ, ಧೂಳು ತಾಗದಂತೆ ಎತ್ತಿಕೊಂಡಿದ್ದ ನೆರಿಗೆ. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಸೊಸೆಯ ಕಡೆ ತಿರುಗಿದಳು.

"ನಾಳೀಕೆ ಆರ್ ಗಂಟ್ಗೆ ಆಟೋ ಬತ್ತದೆ. ಬಾಗ್ಲಲ್ಲಿ ನಿಂತಿರು" ಎಂದಳು. ಆಮೇಲೆ ನನಗೆ, "ನೀವಿನ್ನು ಒರಡಿ."

ಎಂಟೂ ಹೆಂಗಸರು ಠಾಣೆಗೆ ಹೋಗಿ ದೂರು ಕೊಟ್ಟರು. ಏನು ಕಂಡೆ, ಎಷ್ಟು ಕಂಡೆ ಎಂದು ಅಲ್ಲಿ ಕೇಳಿದಾಗ ಮೇಸ್ತ್ರಿಯೇ ಮುಂದೆ ನಿಂತು ಹೇಳಿದಳಂತೆ. ವಕೀಲರನ್ನೂ ಹಿಡಿದರು. ನನ್ನನ್ನಲ್ಲ, ಕ್ಯಾಂಟೀನಿನಲ್ಲಿ ಬಸ್ಸಿನ ಮಾತಾಡಿದ ಆ ಹಿರಿಯರನ್ನು. ಅವರಿಗೆ ಈ ಕಾನೂನಿನ ಅ ಆ ಗೊತ್ತಿಲ್ಲ. ಒಂದು ಸಂಜೆ ಕಚೇರಿಗೆ ಬಂದು, ಯಾವ ಸೆಕ್ಷನ್ನು ಬರುತ್ತದೆ, ಸ್ವಲ್ಪ ಬರೆದುಕೊಡಮ್ಮ ಎಂದರು. ಅವರ ಹಲ್ಲುಗಳನ್ನು ನೋಡುತ್ತ, ಒಂದೂ ಬಿಡದೆ ಬರೆದುಕೊಟ್ಟೆ.